ಅಕ್ಕ, ತಾಯಿ, ಚಿಕ್ಕಮ್ಮ: ‘ದಿ ಬೈಂಡಿಂಗ್ ವೈನ್’ ಕಾದಂಬರಿಯಲ್ಲಿ ಮನೆಯ ಗುಟ್ಟು

1

ಕನ್ನಡ ವಿಮರ್ಶೆಯು ಮುಂಬಯಿಯ ವಿಚಾರವನ್ನು ಎತ್ತಿಕೊಂಡಾಗಲೆಲ್ಲ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961), ಯಶವಂತ ಚಿತ್ತಾಲರ ‘ಶಿಕಾರಿ’ (1979), ವ್ಯಾಸರಾಯ ಬಲ್ಲಾಳರ ಕಾದಂಬರಿಗಳು, ಜಯಂತ ಕಾಯ್ಕಿಣಿಯವರ ಕಥೆಗಳು ಮುಂದೆ ಬಂದು ನಿಲ್ಲುತ್ತವೆ. ಇದು ಸಹಜವೇ. ಆದರೆ ಈ ಪಟ್ಟಿಯಲ್ಲಿ ಸೇರದೆ ಉಳಿದ, ಸೇರಬೇಕೇ ಬೇಡವೇ ಎಂಬ ಚರ್ಚೆಗೂ ಹೆಚ್ಚಾಗಿ ಒಳಗಾಗದ ಒಂದು ಕೃತಿಯತ್ತ ಹೊರನಾಡಿನ ಸಂಶೋಧಕರ ಗಮನವನ್ನು ಸೆಳೆಯುವುದು ಪ್ರಸ್ತುತ ಲೇಖನದ ಉದ್ದೇಶ. ಅದು ಶಶಿ ದೇಶಪಾಂಡೆಯವರು ಇಂಗ್ಲಿಷಿನಲ್ಲಿ ಬರೆದು 1993ರಲ್ಲಿ ಪ್ರಕಟವಾದ ‘ದಿ ಬೈಂಡಿಂಗ್ ವೈನ್’ ಎಂಬ ಕಾದಂಬರಿ.

ಲೇಖಕಿ 1938ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ‘ಶ್ರೀರಂಗ’ರೆಂದು ಪ್ರಸಿದ್ಧರಾದ ನಾಟಕಕಾರ ಆದ್ಯ ರಂಗಾಚಾರ್ಯರ (1904–1984) ಮಗಳು. ತಂದೆಯ ಮನೆಮಾತು ಕನ್ನಡ, ತಾಯಿಯದು ಮರಾಠಿ, ಓದಿದ್ದು ಇಂಗ್ಲಿಷಿನಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಧಾರವಾಡ ಜಿಲ್ಲೆಯು ಮುಂಬಯಿ ಆಡಳಿತಕ್ಕೆ ಸೇರಿದ್ದಿತೆಂಬುದನ್ನು ನೆನೆದರೆ, ಅಲ್ಲಿನ ಓದಿದ ಕುಟುಂಬಗಳಿಗೆ ಮುಂಬಯಿಯು ಪರಸ್ಥಳವಾಗಿರದೆ ತಮ್ಮದೇ ಪ್ರಾಂತದ ರಾಜಧಾನಿಯಾಗಿದ್ದಿತೆಂಬುದು ತಿಳಿಯುತ್ತದೆ. ದೇಶಪಾಂಡೆಯವರ ಕಾದಂಬರಿಗಳಲ್ಲಿ ಕರ್ನಾಟಕದ ಕಡೆಯ ಚಿಕ್ಕ ಊರು ಮತ್ತು ಮುಂಬಯಿ ಮತ್ತೆ ಮತ್ತೆ ಜೊತೆಯಾಗುವುದಕ್ಕೆ ಈ ಇತಿಹಾಸದ ಹಿನ್ನೆಲೆಯಿದೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ದಟ್ ಲಾಂಗ್ ಸೈಲೆನ್ಸ್’ ಕೂಡ ಮುಂಬಯಿಯ ದಾದರಿನ ಒಂದು ಮನೆಯಲ್ಲಿ ನಡೆಯುವ ಕಥೆ.

‘ದಿ ಬೈಂಡಿಂಗ್ ವೈನ್’ ಕೃತಿಯನ್ನು ಕುರಿತ ಇಂಗ್ಲಿಷ್ ವಿಮರ್ಶೆಯ ಬಹುಭಾಗವು ಅದನ್ನು ಹೆಂಗಸರ ನಡುವಿನ ಸೋದರಿತ್ವದ ಕಾದಂಬರಿ ಎಂದು ಕೊಂಡಾಡಿದೆ. ಈ ಅಭಿಪ್ರಾಯವನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ. ಕಾದಂಬರಿಯಲ್ಲಿ ಒಡಹುಟ್ಟಿದ ಅಕ್ಕತಂಗಿಯರ ಜೋಡಿಯೊಂದಿದೆ. ಆ ಜೋಡಿ ಉಳಿಯುವುದಿಲ್ಲ. ಸೋದರಿತ್ವವನ್ನು ಹೊಗಳುವವರು ಈ ಜೋಡಿಯನ್ನು ಸರಿಯಾಗಿ ನೋಡಿಲ್ಲವೆಂಬುದು ನಮ್ಮ ವಾದ.

2

ಕಥೆಯನ್ನು ಹೇಳುವವಳು ಊರ್ಮಿಳಾ; ಎಲ್ಲರ ಬಾಯಲ್ಲಿ ಊರ್ಮಿ. ಕಾಲೇಜಿನಲ್ಲಿ ಪಾಠ ಹೇಳುವವಳು. ಎಳೆಯ ಮಗಳು ಅನು ತೀರಿಕೊಂಡ ದುಃಖದಲ್ಲಿ ಮುಳುಗಿದ್ದಾಳೆ. ಗಂಡ ಕಿಶೋರ ಹಡಗಿನ ನೌಕರಿಯವನಾದ್ದರಿಂದ ಮನೆಯಲ್ಲಿ ಇರುವುದು ಕಡಿಮೆ. ರಾಮಾಯಣದ ಊರ್ಮಿಳೆ ಸೀತೆಯ ತಂಗಿ, ಗಂಡನ ಅಗಲಿಕೆಯನ್ನು ಅರಮನೆಯಲ್ಲಿ ಉಳಿದು ಸಹಿಸಿದವಳು ಎಂಬುದು ಭಾರತೀಯ ಓದುಗರಿಗೆ ತಾನಾಗಿ ನೆನಪಾಗುತ್ತದೆ. ಕಿಶೋರನ ಮಲತಂಗಿ ವನಾ ಊರ್ಮಿಗೆ ನಾದಿನಿಯೂ ಹೌದು, ಬಾಲ್ಯದ ಗೆಳತಿಯೂ ಹೌದು. ಅವಳು ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆ.

ಈ ಅವಧಿಯಲ್ಲಿ ಊರ್ಮಿಯ ಎದುರಿಗೆ ಎರಡು ಗುಟ್ಟುಗಳು ಬರುತ್ತವೆ. ಕಿಶೋರನ ಹೆತ್ತ ತಾಯಿ ಮೀರಾ ಅವನ ಹೆರಿಗೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡವಳು. ಅವಳ ಪೆಟ್ಟಿಗೆಯನ್ನು ವನಾಳ ತಾಯಿ, ಎಂದರೆ ಮೀರಾಳ ಗಂಡನ ಎರಡನೆಯ ಹೆಂಡತಿ, ಊರ್ಮಿಯ ಕೈಗೆ ಒಪ್ಪಿಸುತ್ತಾಳೆ. ಅದರಲ್ಲಿ ದಿನಚರಿಗಳೂ ಕವಿತೆಗಳೂ ಇವೆ. ಮೀರಾಳನ್ನು ಅವಳ ಗಂಡ ಬಯಸಿ ಬಯಸಿ ಮದುವೆಯಾದದ್ದು, ಆ ಬಯಕೆಯು ಪ್ರತಿ ರಾತ್ರಿ ಅವಳ ಇಷ್ಟಕ್ಕೆ ವಿರುದ್ಧವಾಗಿ ಅವಳ ಮೈಮೇಲೆ ನಡೆದ ಬಲಾತ್ಕಾರವಾಗಿದ್ದದ್ದು ಆ ಬರಹಗಳಿಂದ ಊರ್ಮಿಗೆ ತಿಳಿಯುತ್ತದೆ. ಎರಡನೆಯದು ಆಸ್ಪತ್ರೆಯ ಗುಟ್ಟು. ಕಲ್ಪನಾ ಎಂಬ ಹುಡುಗಿ ಪ್ರಜ್ಞೆ ತಪ್ಪಿ ಮಲಗಿದ್ದಾಳೆ. ಅಪಘಾತವಾಯಿತೆಂದು ತಾಯಿ ಶಕುತಾಯಿ ಹೇಳುತ್ತಾಳೆ. ಅತ್ಯಾಚಾರವಾಗಿದೆಯೆಂದು ವೈದ್ಯ ಭಾಸ್ಕರ ಕಂಡುಕೊಳ್ಳುತ್ತಾನೆ. ಹೊರಗೆ ಹೇಳಬೇಡಿರೆಂದು ತಾಯಿ ಅಂಗಲಾಚುತ್ತಾಳೆ. ಮಾತು ಹೊರಗೆ ಬಿದ್ದರೆ ಎರಡನೆಯ ಮಗಳು ಸಂಧ್ಯಾಳನ್ನು ಯಾರು ಮದುವೆಯಾದಾರು?

‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂದು ನಮ್ಮ ಗಾದೆ. ಮನೆಯ ಮಾತನ್ನು ಒಳಗಿಡಬೇಕು, ಕಾಯಿಲೆಯನ್ನು ನಾಲ್ಕು ಜನಕ್ಕೆ ತಿಳಿಸಬೇಕು ಎಂಬ ಈ ವಿವೇಕವು ಸಂಸಾರವೇ ಬೇರೆ, ವ್ಯಾಧಿಯೇ ಬೇರೆ ಎಂದು ಭಾವಿಸಿಕೊಂಡು ನಡೆಯುತ್ತದೆ. ಸಂಸಾರವೇ ವ್ಯಾಧಿಗೆ ಕಾರಣವಾದಾಗ ಗಾದೆಗೆ ಉತ್ತರವಿಲ್ಲ. ಶಕುತಾಯಿ ಸಿಕ್ಕಿಕೊಂಡಿರುವುದು ಇಲ್ಲಿಯೇ. ಮಗಳ ಮೈಮೇಲಿನ ಗಾಯವನ್ನು ರಟ್ಟು ಮಾಡದಿದ್ದರೆ ನ್ಯಾಯವಿಲ್ಲ. ರಟ್ಟು ಮಾಡಿದರೆ ಮನೆ ಉಳಿಯುವುದಿಲ್ಲ. ಅಕ್ಕನಿಗಾದ ಅನ್ಯಾಯವು ತಂಗಿಯ ಮದುವೆಗೆ ಅಡ್ಡಿಯಾಗುವ ಸಮಾಜದಲ್ಲಿ ಅಕ್ಕನ ನ್ಯಾಯಕ್ಕೂ ತಂಗಿಯ ಬಾಳಿಗೂ ವೈರ ಹುಟ್ಟುತ್ತದೆ.

ಆಮೇಲೆ ನಿಜವು ಇನ್ನೂ ಒಳಗೆ, ಮನೆಯ ಹೊಸ್ತಿಲಿನೊಳಗೇ, ಇದ್ದದ್ದು ಗೊತ್ತಾಗುತ್ತದೆ. ಅತ್ಯಾಚಾರ ಮಾಡಿದವನು ಶಕುತಾಯಿಯ ತಂಗಿ ಸುಲುವಿನ ಗಂಡ ಪ್ರಭಾಕರ. ಸುಲುವಿಗೆ ಮಕ್ಕಳಿಲ್ಲ, ಮೈಮೇಲೆ ಬಿಳಿಯ ಮಚ್ಚೆಗಳು ಮೂಡಿವೆ. ಗಂಡ ತನ್ನನ್ನು ಹೊರಗೆ ಹಾಕಿಯಾನೆಂಬ ಭಯ ಅವಳನ್ನು ತಿನ್ನುತ್ತಿರುತ್ತದೆ. ಅವನ ಕಣ್ಣು ಕಲ್ಪನಾಳ ಮೇಲಿದ್ದದ್ದರಿಂದ, ಕಲ್ಪನಾಳನ್ನು ಅವನಿಗೇ ಕೊಟ್ಟು ಮದುವೆ ಮಾಡೆಂದು ಅಕ್ಕನನ್ನು ಕೇಳಿದವಳು ಸ್ವತಃ ಸುಲು. ಕಲ್ಪನಾ ಒಪ್ಪಿರಲಿಲ್ಲ. ಕೊನೆಗೆ ಸುಲು ಬೆಂಕಿಗೆ ಮೈಯೊಡ್ಡಿ ಸಾಯುತ್ತಾಳೆ. ಕಲ್ಪನಾಳಿಗೆ ಕಡೆಯ ಪುಟದವರೆಗೂ ಪ್ರಜ್ಞೆ ಮರಳುವುದಿಲ್ಲ.

3

ಈ ಕಥೆಯಲ್ಲಿ ಬಂಧುತ್ವವಾಚಕಗಳು ಮಾಡುವ ಕೆಲಸವನ್ನು ಕನ್ನಡದ ಕಿವಿ ಮಾತ್ರ ಪೂರ್ತಿಯಾಗಿ ಹಿಡಿಯಬಲ್ಲದು. ಇಂಗ್ಲಿಷ್ ಓದುಗನಿಗೆ ಶಕುತಾಯಿ, ಅಕ್ಕ ಇವು ಕೇವಲ ಹೆಸರುಗಳು. ಮರಾಠಿಯಲ್ಲಿ ‘ತಾಯಿ’ (ಉಚ್ಚಾರದಲ್ಲಿ ‘ತಾಈ’) ಎಂದರೆ ಅಕ್ಕ. ಕನ್ನಡದಲ್ಲಿ ತಾಯಿ ಎಂದರೆ ಹೆತ್ತವಳು. ಮೀರಾಳ ಗಂಡನನ್ನು ಎರಡನೆಯವಳಾಗಿ ಮದುವೆಯಾಗಿ ಕಿಶೋರನನ್ನು ಸಾಕಿ ವನಾಳನ್ನು ಹೆತ್ತವಳನ್ನು ಕಾದಂಬರಿಯು ಕರೆಯುವುದು ‘ಅಕ್ಕ’ ಎಂದು. ಕೂಡುಕುಟುಂಬದಲ್ಲಿ ದೊಡ್ಡವರು ಕರೆಯುವ ಹೆಸರಿನಿಂದಲೇ ಮಕ್ಕಳೂ ತಾಯಿಯನ್ನು ಕರೆಯುವ ರೂಢಿ ನಮ್ಮಲ್ಲಿ ಅಪರೂಪವೇನಲ್ಲ. ಹೀಗೆ ಈ ಕೃತಿಯ ಇಬ್ಬರು ಮುಖ್ಯ ತಾಯಂದಿರೂ ಹೆಸರಿನಲ್ಲಿ ಅಕ್ಕಂದಿರಾಗಿದ್ದಾರೆ.

ಇದು ಕೇವಲ ಶಬ್ದದ ಚಮತ್ಕಾರವಲ್ಲ. ಶಕುತಾಯಿ ಒಂದೇ ಸಮಯದಲ್ಲಿ ಕಲ್ಪನಾಳ ತಾಯಿಯೂ ಸುಲುವಿನ ಅಕ್ಕನೂ ಆಗಿರಬೇಕಾಗಿದೆ. ಮಗಳ ಪರವಾಗಿ ನಿಂತರೆ ತಂಗಿಯ ಮನೆ ಒಡೆಯುತ್ತದೆ. ತಂಗಿಯ ಮನೆಯನ್ನು ಉಳಿಸಬೇಕಾದರೆ ಮಗಳನ್ನು ಕೊಡಬೇಕು. ಸುಲುವಿನ ಬೇಡಿಕೆಯನ್ನು ಬಂಧುತ್ವದ ಲೆಕ್ಕದಲ್ಲಿ ಬಿಡಿಸಿ ನೋಡಿದರೆ ಅದರ ಭೀಕರತೆ ತಿಳಿಯುತ್ತದೆ. ತಾಯಿಯ ತಂಗಿ ಕನ್ನಡದಲ್ಲಿ ಚಿಕ್ಕಮ್ಮ, ಧಾರವಾಡದ ಕಡೆ ಚಿಗವ್ವ: ಹೆಸರಿನಲ್ಲೇ ಅಮ್ಮ ಇದ್ದಾಳೆ, ಅವ್ವ ಇದ್ದಾಳೆ. ಅವಳ ಗಂಡ ಚಿಕ್ಕಪ್ಪ, ಅಪ್ಪನ ಸಾಲಿನವನು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿ ಕರ್ನಾಟಕದ ಹಲವು ಸಮುದಾಯಗಳಲ್ಲಿ ಉಂಟು. ಚಿಕ್ಕಪ್ಪನಿಗೆ ಕೊಡುವ ಮಾತನ್ನು ನಮ್ಮ ಬಂಧುವ್ಯವಸ್ಥೆ ಮಗಳನ್ನು ತಂದೆಗೆ ಕೊಟ್ಟಂತೆ ಎಣಿಸುತ್ತದೆ. ಸುಲುವಿನ ಬೇಡಿಕೆ ನಡೆದಿದ್ದರೆ ಚಿಕ್ಕಮ್ಮ ಸವತಿಯಾಗುತ್ತಿದ್ದಳು, ಮೈದುನ ಅಳಿಯನಾಗುತ್ತಿದ್ದ, ಅಕ್ಕ ತನ್ನ ತಂಗಿಯ ಗಂಡನಿಗೇ ಅತ್ತೆಯಾಗುತ್ತಿದ್ದಳು. ಒಂದು ಮನೆಯನ್ನು ಉಳಿಸುವುದಕ್ಕಾಗಿ ಇಡೀ ಕುಲದ ಹೆಸರುಗಳನ್ನೇ ತಲೆಕೆಳಗು ಮಾಡಬೇಕಾಗಿದ್ದಿತು.

ಇಂತಹ ಮದುವೆಗೆ ಕಾನೂನಿನ ಬಲವೂ ಇರಲಿಲ್ಲ. ಮುಂಬಯಿ ಪ್ರಾಂತವು 1946ರಲ್ಲಿಯೇ ಹಿಂದೂ ದ್ವಿಪತ್ನಿತ್ವವನ್ನು ನಿಷೇಧಿಸಿದ್ದಿತು. 1955ರ ಹಿಂದೂ ವಿವಾಹ ಕಾಯಿದೆ ಅದನ್ನು ದೇಶದ ಮಟ್ಟಕ್ಕೆ ಒಯ್ದಿತು. ಸುಲು ಇದನ್ನು ಬಲ್ಲಳೋ ಇಲ್ಲವೋ ಎಂಬುದು ಮುಖ್ಯವಲ್ಲ. ಕಾನೂನು ಅವಳಿಗೆ ಏಕಪತ್ನಿಯ ಸ್ಥಾನವನ್ನು ಕೊಟ್ಟಿದೆ. ಆ ಸ್ಥಾನದಲ್ಲಿ ನಿಂತಿರಲು ಬೇಕಾದ ನಾಲ್ಕು ಗೋಡೆಗಳನ್ನು ಕೊಟ್ಟಿಲ್ಲ. ಒಂದು ಖೋಲಿಗಾಗಿ ಜೀವಮಾನವೆಲ್ಲ ದುಡಿಯಬೇಕಾದ ಮುಂಬಯಿಯಲ್ಲಿ, ಗಂಡನ ಮನೆಯಿಂದ ಹೊರಬಿದ್ದ ಹೆಂಗಸಿಗೆ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಬಹಳ ಸ್ಥೂಲವಾದ, ಬಹಳ ನಿಜವಾದ ಪ್ರಶ್ನೆ. ಅಕ್ಕನ ಸ್ಥಿತಿ ಅವಳ ಕಣ್ಣೆದುರಿಗೇ ಇದೆ: ಗಂಡ ಬೇರೊಬ್ಬಳ ಜೊತೆ ಹೋದ ಮೇಲೆ ಶಕುತಾಯಿ ಸಣ್ಣ ಕೂಲಿಯ ಕೆಲಸದಲ್ಲಿ ಮೂರು ಮಕ್ಕಳನ್ನು ಸಾಕಿದವಳು. ಆದ್ದರಿಂದ ಸುಲುವನ್ನು ಗಂಡನ ಪಾಪಕ್ಕೆ ಒತ್ತಾಸೆಯಾದವಳೆಂದು ಕೈತೊಳೆದುಕೊಳ್ಳುವುದು ಸುಲಭ. ಕಾದಂಬರಿ ಹಾಗೆ ಮಾಡಿಲ್ಲ.

4

ಮೀರಾಳ ಪೆಟ್ಟಿಗೆಯ ವಿಚಾರಕ್ಕೆ ಬಂದರೆ ಕನ್ನಡದ ಅಧ್ಯಯನಪೀಠಗಳಿಗೆ ನೇರವಾಗಿ ಸಂಬಂಧಿಸಿದ ಸಂಗತಿಯೊಂದು ಎದುರಾಗುತ್ತದೆ. ಮೀರಾ ದಿನಚರಿಯನ್ನು ಬರೆದದ್ದು ಇಂಗ್ಲಿಷಿನಲ್ಲಿ. ಕವಿತೆಗಳನ್ನು ಬರೆದದ್ದು ಕನ್ನಡದಲ್ಲಿ. ಊರ್ಮಿ ಅವನ್ನು ಇಂಗ್ಲಿಷಿಗೆ ಅನುವಾದಿಸುತ್ತಾಳೆ. ನಾವು ಓದುವುದು ಆ ಅನುವಾದವನ್ನು ಮಾತ್ರ. ಕಾದಂಬರಿಯ ಶೀರ್ಷಿಕೆಯೂ ಮೀರಾಳ ಕವಿತೆಯೊಂದರಿಂದಲೇ ಬಂದುದು. ಎಂದರೆ ಇಂಗ್ಲಿಷ್ ಕೃತಿಯೊಂದರ ನಟ್ಟನಡುವೆ, ಅದಕ್ಕೆ ಹೆಸರನ್ನೇ ಕೊಟ್ಟ ಒಂದು ಕನ್ನಡ ಮೂಲವಿದೆ. ಆ ಮೂಲವು ಎಲ್ಲಿಯೂ ಇಲ್ಲ. ಅದು ಲೇಖಕಿಯ ಕಲ್ಪನೆ. ಆದರೂ ಈ ಇಲ್ಲದಿರುವಿಕೆಗೆ ಅರ್ಥವಿದೆ.

ಭಾಷೆಗಳ ಹಂಚಿಕೆಯನ್ನು ಗಮನಿಸಬೇಕು. ಕಲಿತ ಭಾಷೆಯಲ್ಲಿ ದಿನದ ವರದಿ; ಮನೆಯ ಭಾಷೆಯಲ್ಲಿ ಮನೆಯಲ್ಲಿ ಹೇಳಲಾಗದ ಮಾತು. ಮೀರಾಳ ಸುತ್ತಲಿನವರೆಲ್ಲ ಓದಬಲ್ಲದ್ದು ಕನ್ನಡ. ತನ್ನ ರಾತ್ರಿಗಳನ್ನು ಅವಳು ಅದೇ ಕನ್ನಡದಲ್ಲಿ ಬರೆದಿಟ್ಟಳೆಂದರೆ ಅದು ಮುಚ್ಚಿಡುವುದಕ್ಕೆ ಬರೆದ ಬರಹವೇ, ಎಂದಾದರೊಂದು ದಿನ ಯಾರಾದರೂ ಓದಲೆಂದು ಬರೆದದ್ದೇ ಎಂಬ ಪ್ರಶ್ನೆ ಏಳುತ್ತದೆ. ಮದುವೆಯಲ್ಲಿ ತನಗಿಟ್ಟ ‘ನಿರ್ಮಲಾ’ ಎಂಬ ಹೆಸರನ್ನು ಅವಳು ಕವಿತೆಯಲ್ಲಿ ನಿರಾಕರಿಸುತ್ತಾಳೆ. ಕವಿಯಾಗಿ ಹೆಸರು ಪಡೆಯಲಿದ್ದ ವೇಣು ಎಂಬವನಿಗೆ ಕವಿತೆಗಳನ್ನು ತೋರಿಸಿದಾಗ, ಹೆಣ್ಣಿಗೆ ಮಕ್ಕಳನ್ನು ಹೆರುವುದೇ ಕವಿತೆ, ಉಳಿದ ಕವಿತೆಯನ್ನು ಗಂಡಸರಿಗೆ ಬಿಡು ಎಂಬರ್ಥದ ಮಾತು ಅವಳಿಗೆ ದೊರೆಯುತ್ತದೆ. ಕಾದಂಬರಿಯ ಕ್ರೂರ ವ್ಯಂಗ್ಯವೆಂದರೆ ಅವಳು ಸಾಯುವುದು ಹೆರಿಗೆಯಲ್ಲಿಯೇ.

ಕನ್ನಡ ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆ ಮೀರಾಳ ಚಿತ್ರ ಅಸಹಜವೆನಿಸುವುದಿಲ್ಲ. ಕೊಡಗಿನ ಗೌರಮ್ಮ (1912–1939) ಇಪ್ಪತ್ತೇಳರ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಅವರ ಕಥೆಗಳು ಸಂಕಲನಗಳಾಗಿ ಓದುಗರನ್ನು ಮುಟ್ಟಿದ್ದು ಆನಂತರ. ಅವರಿಗಾದರೂ ಓದುಗರು ದೊರೆತರು. ಪೆಟ್ಟಿಗೆಯಲ್ಲೇ ಉಳಿದ ಬರಹಗಳ ಲೆಕ್ಕವನ್ನು ನಮ್ಮ ಚರಿತ್ರೆ ಇಟ್ಟಿಲ್ಲ, ಇಡಲಾರದು. ಲೆಕ್ಕಕ್ಕೆ ಸಿಗದ ಆ ಬರಹಗಳ ಪ್ರತಿನಿಧಿಯಾಗಿ ಒಂದು ಇಂಗ್ಲಿಷ್ ಕಾದಂಬರಿಯು ಮೀರಾಳನ್ನು ನಿಲ್ಲಿಸಿದೆ. ಮೀರಾಳ ಕವಿತೆಗಳನ್ನು ಕನ್ನಡಕ್ಕೆ ‘ಮರಳಿಸುವ’ ಆಸೆ ಯಾರಿಗಾದರೂ ಹುಟ್ಟುವುದು ಸಹಜ. ಅಂತಹ ಪ್ರಯತ್ನವು ಅನುವಾದವಾದೀತೇ ಹೊರತು ಮೂಲವಾಗಲಾರದು ಎಂಬ ಎಚ್ಚರವಿದ್ದರೆ ಸಾಕು.

5

ಗುಟ್ಟನ್ನು ಒಡೆಯುವ ಹಕ್ಕು ಯಾರದು? ಕಾದಂಬರಿಯ ನೈತಿಕ ಜಗಳವೆಲ್ಲ ಈ ಪ್ರಶ್ನೆಯ ಸುತ್ತ ನಡೆಯುತ್ತದೆ.

ಮೀರಾಳ ಕವಿತೆಗಳನ್ನು ಪ್ರಕಟಿಸಬೇಕೆಂದು ಊರ್ಮಿ ಹೊರಟಾಗ ವನಾ ಸಿಡಿದೇಳುತ್ತಾಳೆ. ಊರ್ಮಿಗೆ ಮೀರಾ ಒಬ್ಬ ಕವಿ. ವನಾಳಿಗೆ ಆ ಕವಿತೆಗಳಲ್ಲಿ ಬರುವ ಗಂಡಸು ತಂದೆ. ತಂದೆಯ ಮಾನವನ್ನು ಬೀದಿಗೆ ತರುವುದು ವಿಶ್ವಾಸದ್ರೋಹವೆಂದು ಅವಳ ವಾದ. ಇಬ್ಬರ ಗೆಳೆತನದಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಇತ್ತ, ಕಲ್ಪನಾಳನ್ನು ಬೇರೆ ಆಸ್ಪತ್ರೆಗೆ ಸಾಗಿಸುವ ಮಾತು ಬಂದಾಗ ಊರ್ಮಿ ವಿಷಯವನ್ನು ಪತ್ರಿಕೆಯವರ ಕಿವಿಗೆ ಹಾಕುತ್ತಾಳೆ. ಪ್ರತಿಭಟನೆ ನಡೆಯುತ್ತದೆ, ಸ್ಥಳಾಂತರ ನಿಲ್ಲುತ್ತದೆ, ಪ್ರಕರಣದ ತನಿಖೆಗೆ ಜೀವ ಬರುತ್ತದೆ. ಅದರ ಬೆನ್ನಿಗೇ ಸುಲುವಿನ ಸಾವು ಬರುತ್ತದೆ.

ವನಾಳ ಕೋಪವನ್ನು ಹಳೆಯ ಕಾಲದ ಮಾನಭಯವೆಂದು ತಳ್ಳಿಹಾಕುವಂತಿಲ್ಲ. ಮೀರಾಳ ಮೇಲೆ ನಡೆದುದಕ್ಕೆ ಇಂದಿಗೂ ನಮ್ಮ ಕಾನೂನಿನಲ್ಲಿ ಅತ್ಯಾಚಾರವೆಂಬ ಹೆಸರಿಲ್ಲ. ಹದಿನೆಂಟು ತುಂಬಿದ ಹೆಂಡತಿಯೊಡನೆ ಗಂಡ ನಡೆಸುವ ಸಂಭೋಗವು ಅತ್ಯಾಚಾರವಲ್ಲವೆಂಬ ವಿನಾಯಿತಿಯು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲಿಯೂ ಉಳಿದುಕೊಂಡಿದೆ. ಕಾನೂನು ಹೆಸರಿಡದ ಅಪರಾಧವನ್ನು ಕವಿತೆಯು ಹೆಸರಿಸಿದಾಗ ಮನೆಯ ಮಗಳಿಗೆ ಅದು ಅಪರಾಧವೆನಿಸದೆ ಅಪಮಾನವೆನಿಸುವುದರಲ್ಲಿ ಆಶ್ಚರ್ಯವಿಲ್ಲ. ಕಲ್ಪನಾಳ ಮೇಲಿನ ಕೃತ್ಯಕ್ಕಾದರೆ ಕಾನೂನಿನಲ್ಲಿ ಹೆಸರಿದೆ. ಅಲ್ಲಿ ಹೆಸರನ್ನು ಮುಚ್ಚುವವರು ಬಂಧುಗಳೇ. ಎರಡೂ ಕೃತ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ಒಂದರ ಬೆಳಕಿನಲ್ಲಿ ಇನ್ನೊಂದನ್ನು ತೋರಿಸಿದ್ದು ದೇಶಪಾಂಡೆಯವರ ದೊಡ್ಡ ಸಾಧನೆಯೆಂದು ನಾವು ಭಾವಿಸುತ್ತೇವೆ.

ಶಕುತಾಯಿಯ ಭಯ ಕಟ್ಟುಕಥೆಯದಲ್ಲ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ ಅವರ ಮೇಲೆ 1973ರ ನವೆಂಬರ್ 27ರಂದು ದಾಳಿ ನಡೆಯಿತು. ಲೈಂಗಿಕ ದೌರ್ಜನ್ಯ ನಡೆದಿದ್ದರೂ ಅಪರಾಧಿಗೆ ಶಿಕ್ಷೆಯಾದದ್ದು ಹಲ್ಲೆ ಮತ್ತು ದರೋಡೆಗೆ ಮಾತ್ರ. ಅರುಣಾ ನಾಲ್ಕು ದಶಕಗಳಿಗೂ ಮೀರಿ ಅದೇ ಆಸ್ಪತ್ರೆಯಲ್ಲಿ ಮಲಗಿದ್ದು 2015ರ ಮೇ 18ರಂದು ತೀರಿಕೊಂಡರು. ಕಾದಂಬರಿಗೆ ಈ ಘಟನೆಯೇ ಆಧಾರವೆಂಬುದು ನಮ್ಮ ಪ್ರತಿಪಾದನೆಯಲ್ಲ. ಹೆಣ್ಣಿನ ಗಾಯಕ್ಕೆ ದಾಖಲೆಯಲ್ಲಿ ಬೇರೆ ಹೆಸರು ಬೀಳುವುದು ಈ ನಗರಕ್ಕೆ ಗೊತ್ತಿದ್ದ ಸಂಗತಿಯೆಂದಷ್ಟೇ ಹೇಳುತ್ತಿದ್ದೇವೆ. ಅತ್ಯಾಚಾರಕ್ಕೊಳಗಾದವಳ ಗುರುತನ್ನು ಬಹಿರಂಗಪಡಿಸುವುದೇ ಅಪರಾಧವೆಂದು ಭಾರತೀಯ ದಂಡಸಂಹಿತೆಗೆ 228ಎ ಕಲಮು ಸೇರಿದ್ದು 1983ರಲ್ಲಿ. ಮುಚ್ಚುವುದು ಕೆಲವೊಮ್ಮೆ ರಕ್ಷಣೆಯೂ ಆಗಬಲ್ಲದೆಂಬುದನ್ನು ಕಾನೂನೇ ಒಪ್ಪಿಕೊಂಡಂತಾಯಿತು.

6

ಕಾದಂಬರಿಯ ಗುಟ್ಟುಗಳನ್ನು ಈಗ ಸಾಲಾಗಿ ಇಟ್ಟು ನೋಡಬಹುದು. ಮೂರನೆಯದೊಂದೂ ಇದೆ. ಎಳೆಯಳಾಗಿದ್ದಾಗ ತನ್ನನ್ನು ರಾಣಿದುರ್ಗವೆಂಬ ಊರಿನ ಅಜ್ಜಿಯ ಮನೆಗೆ ಸಾಗಿಸಿದ್ದಕ್ಕಾಗಿ ಊರ್ಮಿ ತಾಯಿಯ ಮೇಲೆ ಮುನಿಸನ್ನು ಸಾಕಿಕೊಂಡು ಬಂದಿದ್ದಾಳೆ. ಅದು ತಂದೆಯ ತೀರ್ಮಾನವಾಗಿತ್ತು, ಮಗುವನ್ನು ಆಳಿನ ಜೊತೆ ಬಿಟ್ಟುಹೋದ ತಪ್ಪಿಗೆ ತನಗೆ ವಿಧಿಸಿದ ಶಿಕ್ಷೆಯಾಗಿತ್ತು ಎಂದು ತಾಯಿ ಇನ್ನಿ ಕೊನೆಗೆ ಬಾಯಿಬಿಡುತ್ತಾಳೆ. ಈ ಗುಟ್ಟು ಒಡೆದಾಗ ತಾಯಿಮಗಳು ಹತ್ತಿರವಾಗುತ್ತಾರೆ. ಮೀರಾಳ ಗುಟ್ಟು ಒಡೆದಾಗ ಊರ್ಮಿ ಮತ್ತು ವನಾ ಜಗಳವಾಡುತ್ತಾರೆ. ಆದರೆ ಆ ಜಗಳದಿಂದ ಇಬ್ಬರೂ ತಂತಮ್ಮ ಮನೆಗೆ ಮರಳಬಹುದು, ನಾಳೆ ಮತ್ತೆ ಮಾತಾಡಬಹುದು. ಸುಲುವಿನ ಗುಟ್ಟು ಒಡೆದಾಗ ಅವಳಿಗೆ ಮರಳಲು ಮನೆಯೇ ಇಲ್ಲ. ಒಂದೇ ಕಾದಂಬರಿಯಲ್ಲಿ ಒಂದು ಗುಟ್ಟು ಕೂಡಿಸುತ್ತದೆ, ಇನ್ನೊಂದು ಅಗಲಿಸುತ್ತದೆ, ಮತ್ತೊಂದು ಕೊಲ್ಲುತ್ತದೆ. ಈ ವ್ಯತ್ಯಾಸವು ಗುಟ್ಟಿನ ಗಾತ್ರವನ್ನಷ್ಟೇ ಅವಲಂಬಿಸಿಲ್ಲ. ಅದು ಹೊರಬಿದ್ದ ಮೇಲೆ ಹೆಂಗಸಿಗೆ ನಿಲ್ಲಲು ನೆಲವಿದೆಯೇ ಎಂಬುದನ್ನೂ ಅವಲಂಬಿಸಿದೆ. ಸತ್ಯಕ್ಕೆ ಎಲ್ಲರೂ ಒಂದೇ ಬೆಲೆ ತೆರುವುದಿಲ್ಲ.

ಕಾದಂಬರಿಯ ಘಟನೆಗಳ ಜೋಡಣೆಯೇ ಇದನ್ನು ಹೇಳುತ್ತದೆ. ನಿರೂಪಕಿ ಊರ್ಮಿ ಮಾತ್ರ ಇದನ್ನು ಪೂರ್ತಿಯಾಗಿ ಹೇಳುವುದಿಲ್ಲ. ಅವಳ ಚಿಂತನೆ ಪ್ರೀತಿಯ ಬಳ್ಳಿಯ ಕಡೆಗೆ, ಬದುಕನ್ನು ಮತ್ತೆ ಹಿಡಿದುಕೊಳ್ಳುವುದರ ಕಡೆಗೆ ಹೊರಳುತ್ತದೆ. ಮಗುವನ್ನು ಕಳೆದುಕೊಂಡವಳಿಗೆ ಇದು ಅಗತ್ಯವಾದ ಚೇತರಿಕೆ ನಿಜ. ಆದರೆ ಮೀರಾಳ ಒಂದೊಂದು ಸಾಲನ್ನೂ ಬಿಡಿಸಿ ಬಿಡಿಸಿ ಓದುವ ಊರ್ಮಿ ಸುಲುವನ್ನು ಅಷ್ಟೇ ಸಹನೆಯಿಂದ ಓದಿದಳೆಂದು ಹೇಳಲಾಗದು. ಓದಲು ಸುಲು ಏನನ್ನೂ ಬರೆದಿಟ್ಟಿಲ್ಲ. ಮೀರಾ ಸತ್ತು ಎಷ್ಟೋ ವರ್ಷಗಳಾದರೂ ಅವಳ ಮಾತು ನಮಗೆ ಅವಳ ಬಾಯಿಂದಲೇ ಕೇಳುತ್ತದೆ. ಸುಲು ಅದೇ ನಗರದಲ್ಲಿ ಬದುಕಿದ್ದಾಗಲೇ ಅವಳ ಮಾತು ನಮಗೆ ಬಹುತೇಕ ಅಕ್ಕನ ಬಾಯಿಂದ ಕೇಳಿದ್ದು. ಬರಹ ಬಲ್ಲವಳಿಗೆ ಮರಣಾನಂತರವೂ ಒಬ್ಬ ಓದುಗಳು ಸಿಕ್ಕಳು. ಬಾರದವಳ ಸಾವು ಒಂದು ಸುದ್ದಿಯಾಗಿ ಬಂದು ಹೋಯಿತು. ಇದನ್ನು ಕೃತಿಯ ಮಿತಿಯೆನ್ನಬೇಕೋ, ಊರ್ಮಿಯ ವರ್ಗದ ಮಿತಿಯನ್ನು ಲೇಖಕಿ ಬೇಕೆಂದೇ ತೋರಿಸಿದ್ದೆನ್ನಬೇಕೋ ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯುಂಟು. ನಮಗೆ ಮೊದಲನೆಯದೇ ಹೆಚ್ಚು ಸರಿಯೆನಿಸುತ್ತದೆ. ಸುಲುವಿನ ಸಾವಿನ ನಂತರ ಊರ್ಮಿ ತಾನು ಮಾಡಿದ ಬಹಿರಂಗದ ಪರಿಣಾಮವನ್ನು ಎದುರಿಸಬೇಕಾದಷ್ಟು ಹೊತ್ತು ಕಾದಂಬರಿ ಅಲ್ಲಿ ನಿಲ್ಲುವುದಿಲ್ಲ.

ಈ ಮಿತಿಯನ್ನು ಹೇಳಿದ ಮೇಲೂ ಕೃತಿಯ ಮಹತ್ವ ಕುಗ್ಗುವುದಿಲ್ಲ. ಕನ್ನಡದ ಪ್ರಸಿದ್ಧ ಮುಂಬಯಿ ಕಾದಂಬರಿಗಳಲ್ಲಿ ನಗರವು ಹೆಚ್ಚಾಗಿ ದುಡಿಯಲು ಬಂದ ಗಂಡಸಿನ ಒಂಟಿತನದ ನಗರ. ‘ಶಿಕಾರಿ’ಯ ನಾಗಪ್ಪನ ಭಯಗಳು ಮೊದಲಾಗುವುದು ಆಫೀಸಿನಲ್ಲಿ. ಇಲ್ಲಿ ನಗರವೆಂದರೆ ಆಸ್ಪತ್ರೆಯ ವಾರ್ಡು, ಒಂದು ಕೋಣೆಯ ಮನೆ, ಅಕ್ಕನ ಮನೆಯಿಂದ ತಂಗಿಯ ಮನೆಗೆ ಇರುವ ದಾರಿ. ಈ ಎರಡು ಮುಂಬಯಿಗಳನ್ನು ಒಟ್ಟಿಗೆ ಇಟ್ಟು ಓದುವ ಕೆಲಸ ನಡೆಯಬೇಕಾಗಿದೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಬಲ್ಲ ಸಂಶೋಧಕರು ಹೊರನಾಡಿನ ವಿಭಾಗಗಳಲ್ಲಿಯೇ ಹೆಚ್ಚಾಗಿ ಸಿಗುವುದರಿಂದ ಈ ಹೊಣೆ ಅವರ ಮೇಲೆ ಬೀಳುತ್ತದೆ. ಭಾಷೆ ಇಂಗ್ಲಿಷ್ ಎಂಬ ಒಂದೇ ಕಾರಣಕ್ಕೆ ಇಂತಹ ಕೃತಿಯನ್ನು ನಾವು ನಮ್ಮ ಅಧ್ಯಯನದಿಂದ ಹೊರಗಿಟ್ಟರೆ, ಮೀರಾಳ ಕನ್ನಡವನ್ನು ಮತ್ತೊಮ್ಮೆ ಪೆಟ್ಟಿಗೆಗೆ ಹಾಕಿದಂತಾಗುತ್ತದೆ. ಮೀರಾಳನ್ನು ಮಾತ್ರ ಹೊರತೆಗೆದು ಸುಲುವನ್ನು ಮರೆತರೆ, ಬರೆದಿಟ್ಟವರ ದುಃಖವನ್ನಷ್ಟೇ ದುಃಖವೆಂದು ಎಣಿಸುವ ಹಳೆಯ ರೂಢಿಯನ್ನು ನಾವೇ ಮುಂದುವರಿಸಿದಂತಾಗುತ್ತದೆ.